ಉಗಿಹಡಗಿನ ಕಾಲ: ನಮ್ಮ ಕರಾವಳಿ ಮತ್ತು ಕಡಲ ದುಡಿಮೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಇತಿಹಾಸದ ವಿಷಯವನ್ನೇ ಆರಿಸಿಕೊಂಡೆ. ನಾನು ಓದಿದ್ದು ಬಿ.ಇ., ಬೆಂಗಳೂರಿನಲ್ಲಿ ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಆದರೆ ಯಂತ್ರಗಳ ಮೇಲಿನ ಆಸಕ್ತಿಯಿಂದ ಹಳೆಯ ಉಗಿಹಡಗುಗಳ ಬಗ್ಗೆ ಹಲವು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಓದುತ್ತಾ ಹೋದಂತೆ ಆ ಕಥೆ ಲಿವರ್‌ಪೂಲ್, ನ್ಯೂಯಾರ್ಕ್‌ಗಳನ್ನು ದಾಟಿ ಕಾಪು, ಮಂಗಳೂರು, ಮುಂಬಯಿಗಳ ಮೂಲಕ ನಮ್ಮ ಕಟಪಾಡಿ–ಶಿರ್ವ ರಸ್ತೆಯ ಮನೆಗಳ ತನಕ ಬಂದು ಮುಟ್ಟಿತು.

ಹಡಗು ಎಂದೊಡನೆ ಎಲ್ಲರಿಗೂ ನೆನಪಾಗುವುದು 1912ರಲ್ಲಿ ಮುಳುಗಿದ ಟೈಟಾನಿಕ್. ಅದಕ್ಕೂ ಮೊದಲೇ, 1907ರಲ್ಲಿ, ಮಾರಿಟೇನಿಯಾ ಎಂಬ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಓಡಾಟ ಆರಂಭಿಸಿತ್ತು. ಅದರಲ್ಲಿ 25 ಬಾಯ್ಲರ್‌ಗಳು, 192 ಒಲೆಗಳು. ದಿನಕ್ಕೆ ಸುಮಾರು 1,000 ಟನ್ ಕಲ್ಲಿದ್ದಲು ಬೇಕಾಗುತ್ತಿತ್ತು. ಅಷ್ಟನ್ನೂ ಮನುಷ್ಯರೇ ಸಲಿಕೆಯಿಂದ ಒಲೆಗೆ ಹಾಕಬೇಕಿತ್ತು. ಮೇಲಿನ ಅಂತಸ್ತಿನಲ್ಲಿ ಸಂಗೀತ, ಔತಣ. ಕೆಳಗೆ ಬೆಂಕಿಯ ಮುಂದೆ ಬೆವರು. 1920ರ ದಶಕದಲ್ಲಿ ದೊಡ್ಡ ಹಡಗುಗಳು ಕಲ್ಲಿದ್ದಲು ಬಿಟ್ಟು ತೈಲಕ್ಕೆ ಬದಲಾದ ಮೇಲೆ ಈ ದುಡಿಮೆ ಕಡಿಮೆಯಾಯಿತು.

ನಮ್ಮ ಕಡಲಿನ ಹಡಗುಗಳು

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮುಂಬಯಿ ಬಂದರು ಜಗತ್ತಿನ ದೊಡ್ಡ ಕೂಡುದಾರಿಯಾಯಿತು. ನಮ್ಮ ಕಡಲಿನಲ್ಲಿ ಹೆಚ್ಚು ಹೆಸರು ಮಾಡಿದ್ದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ. 1856ರಲ್ಲಿ ಕಲ್ಕತ್ತಾ–ಬರ್ಮಾ ಅಂಚೆ ಸಾಗಣೆಗೆಂದು ಹುಟ್ಟಿದ ಈ ಕಂಪನಿ 1862ರಲ್ಲಿ ಹೊಸ ಹೆಸರು ಪಡೆದು, ಮುಂದೆ ಪರ್ಶಿಯನ್ ಕೊಲ್ಲಿ, ಪೂರ್ವ ಆಫ್ರಿಕಾ, ಸಿಂಗಾಪುರಗಳಿಗೆ ಹಡಗು ಓಡಿಸಿತು. ಕರಂಜಾ, ಕಂಪಾಲಾ, ದ್ವಾರಕಾ, ದಾರಾ, ತಿಲಾವಾ ಹೀಗೆ ಅದರ ಹಡಗುಗಳ ಹೆಸರುಗಳು ಆಕಾರದಲ್ಲಿ ಕೊನೆಯಾಗುತ್ತಿದ್ದವು. ಮುಂಬಯಿಯಿಂದ ಕೊಂಕಣ ಕರಾವಳಿಯುದ್ದಕ್ಕೂ ಓಡಾಡುತ್ತಿದ್ದ ಸಣ್ಣ ಸ್ಟೀಮರುಗಳು ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯವು.

ಮಂಗಳೂರಿಗೆ 1907ರಲ್ಲಿ ರೈಲು ಬಂತು. ಆದರೆ ಅದು ಮಲಬಾರಿನ ಕಡೆಯಿಂದ ಬಂದ ರೈಲು. ಮುಂಬಯಿಗೆ ನೇರ ದಾರಿ ಕಡಲೇ ಆಗಿತ್ತು. ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿ ಮರಳಿನ ದಿಬ್ಬ ಇದ್ದುದರಿಂದ ದೊಡ್ಡ ಸ್ಟೀಮರು ಒಳಗೆ ಬರುವಂತಿರಲಿಲ್ಲ. ಅದು ಹೊರಗೆ ಆಳದ ನೀರಿನಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಜನ ಬಂದರಿನ ದಕ್ಕೆಯಲ್ಲಿ ದೋಣಿ ಹತ್ತಿ ಅಳಿವೆ ದಾಟಿ, ತೆರೆಯ ನಡುವೆ ಸ್ಟೀಮರು ಏರಬೇಕಿತ್ತು. ಮಳೆಗಾಲದಲ್ಲಿ ಇದು ಸಾಧ್ಯವೇ ಇರಲಿಲ್ಲ. "ಪತ್ತನಾಜೆ ಕಳೆದರೆ ಬೊಂಬಾಯಿಯ ಬಾಗಿಲು ಮುಚ್ಚಿದ ಹಾಗೆ" ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಹೋದವರ ಸುದ್ದಿಗೆ ಕಡಲು ತಣಿಯುವ ತನಕ ಕಾಯಬೇಕು ಎಂಬುದು ಅದರ ಅರ್ಥ.

ಮಂಗಳೂರಿನಿಂದ ಮುಂಬಯಿಗೆ ಸಮುದ್ರದಲ್ಲಿ ಸುಮಾರು 380 ನಾಟಿಕಲ್ ಮೈಲಿ. ಗಂಟೆಗೆ 10 ನಾಟಿಕಲ್ ಮೈಲಿ ವೇಗದಲ್ಲಿ ಎಲ್ಲೂ ನಿಲ್ಲದೆ ಹೋದರೂ 38 ಗಂಟೆ ಬೇಕು. ಈ ದಾರಿಯ ಹಡಗುಗಳಿಗೆ ಗುರುತು ತೋರಿಸಲು 1901ರಲ್ಲಿ ಕಟ್ಟಿದ್ದೇ ನಮ್ಮ ಕಾಪು ದೀಪಸ್ತಂಭ. ಇಂದು ನಾವು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತೇವೆ; ಅಂದು ಅದು ಕತ್ತಲೆಯಲ್ಲಿ ಬಂಡೆಯಿಂದ ದೂರ ಇರಿ ಎಂದು ಹೇಳುವ ಕೆಲಸ ಮಾಡುತ್ತಿತ್ತು.

ಹೀಗೆ ಹೋದವರೇ ಮುಂಬಯಿಯ ಹೋಟೆಲುಗಳಲ್ಲಿ ತಟ್ಟೆ ತೊಳೆದು, ರಾತ್ರಿಶಾಲೆಗಳಲ್ಲಿ ಕಲಿತು, ಮೇಲೆ ಬಂದವರು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಶನ್ ಮುಂಬಯಿಯಲ್ಲಿ ಹುಟ್ಟಿದವು. ಊರಿನ ಜನ ಅಷ್ಟು ಹೊತ್ತಿಗೇ ಎಷ್ಟು ದೊಡ್ಡ ಸಂಖ್ಯೆಯಲ್ಲಿ ಅಲ್ಲಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಡಗಿನೊಳಗೆ ದುಡಿದವರು

ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ದೇಶದ ನಾವಿಕರನ್ನು ಲಸ್ಕರರು ಎನ್ನುತ್ತಿದ್ದರು. ಮೊದಲ ಮಹಾಯುದ್ಧದ ಆರಂಭದ ಹೊತ್ತಿಗೆ ಅವರ ಸಂಖ್ಯೆ ಸುಮಾರು 50,000. ಕೆಲಸದಲ್ಲಿ ಮೂರು ವಿಭಾಗ. ಡೆಕ್ಕಿನಲ್ಲಿ ಸೆರಾಂಗ್ ಮೇಸ್ತ್ರಿ, ಅವನ ಕೈಕೆಳಗೆ ತಾಂಡೇಲ, ಖಲಾಸಿಗಳು. ಮಲ್ಪೆಯ ಬೋಟುಗಳಲ್ಲಿ ತಾಂಡೇಲ ಎಂಬ ಪದ ಇಂದಿಗೂ ಬಳಕೆಯಲ್ಲಿದೆ. ಎಂಜಿನ್ ಕೋಣೆಯಲ್ಲಿ ಬೆಂಕಿ ಹಾಕುವ ಆಗ್‌ವಾಲಾ, ಕಲ್ಲಿದ್ದಲು ಹೊರುವ ಕೋಯ್ಲಾವಾಲಾ. ಊಟದ ಕೋಣೆ, ಅಡುಗೆಮನೆಗಳಲ್ಲಿ ಬಟ್ಲರ್, ಭಂಡಾರಿ; ಇಲ್ಲಿ ಗೋವೆಯವರೇ ಹೆಚ್ಚು, ಅವರ ಜತೆಗೆ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರೂ ಇದ್ದರು.

ಎಂಜಿನ್ ಕೋಣೆಯಲ್ಲಿ ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ನಮ್ಮ ಕಂಪನಿಗಳಲ್ಲೂ ಪಾಳಿ ಉಂಟು. ಆದರೆ ನಾವು ಎ.ಸಿ.ಯಲ್ಲಿ ಕುಳಿತು ರಾತ್ರಿ ಪಾಳಿಯ ಬಗ್ಗೆ ಗೊಣಗುವವರು. ಲಸ್ಕರನ ಸಂಬಳ ಬಿಳಿಯ ನಾವಿಕನ ಸಂಬಳದ ಮೂರರಲ್ಲಿ ಒಂದು ಪಾಲಿನಿಂದ ಐದರಲ್ಲಿ ಒಂದು ಪಾಲಿನಷ್ಟು. 1906ರ ಕಾನೂನಿನ ಬಳಿಕ ಬ್ರಿಟಿಷ್ ನಾವಿಕನಿಗೆ ಮಲಗಲು 120 ಘನ ಅಡಿ ಜಾಗ ಕೊಡಬೇಕಿತ್ತು. ಲಸ್ಕರನಿಗೆ 36 ಘನ ಅಡಿ ಸಾಕು ಎಂದಿತ್ತು. ಆರು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಅಡಿ ಎತ್ತರದ ಪೆಟ್ಟಿಗೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಲೆಕ್ಕ ಸರಿಯಾಗಿ 36.

ಪ್ರಯಾಣಿಕರಲ್ಲೂ ಬಡವರ ಪಾಲಿಗೆ ಬಂದದ್ದು ಡೆಕ್. ಚಾಪೆ, ಹಾಸಿಗೆಯ ಸುರುಳಿ, ಟ್ರಂಕು, ಬುತ್ತಿ ಎಲ್ಲವನ್ನೂ ತಾವೇ ತಂದು, ಸಿಕ್ಕ ಜಾಗದಲ್ಲಿ ಹರಡಿಕೊಂಡು, ಆಫ್ರಿಕಾದ ತನಕ ಹೋಗುತ್ತಿದ್ದರು.

ತಿಲಾವಾ

ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ 1924ರಲ್ಲಿ ಕಟ್ಟಿದ ತಿಲಾವಾ 10,006 ಟನ್ನಿನ ಹಡಗು. 1942ರ ನವೆಂಬರ್ 20ರಂದು ಅದು ಮುಂಬಯಿಯಿಂದ ಮೊಂಬಾಸಾ, ಡರ್ಬಾನ್ ಕಡೆಗೆ ಹೊರಟಿತು. ಹಡಗಿನಲ್ಲಿ ಒಟ್ಟು 958 ಜನ. ಅವರಲ್ಲಿ 732 ಮಂದಿ ಪ್ರಯಾಣಿಕರು. ನವೆಂಬರ್ 23ರ ಮುಂಜಾವದಲ್ಲಿ ಜಪಾನಿನ ಐ-29 ಜಲಾಂತರ್ಗಾಮಿ ಟಾರ್ಪೆಡೊ ಹೊಡೆಯಿತು. ಜನ ದೋಣಿಗಳಿಗೆ ಇಳಿಯುತ್ತಿರುವಾಗಲೇ ಎರಡನೆಯ ಟಾರ್ಪೆಡೊ ಬಂತು. ರೇಡಿಯೋ ಅಧಿಕಾರಿ ಡಂಕನ್ ತನ್ನ ಜಾಗ ಬಿಡದೆ ಅಪಾಯದ ಸಂದೇಶ ಕಳಿಸುತ್ತಲೇ ಹಡಗಿನೊಂದಿಗೆ ಮುಳುಗಿದರು. ಎರಡು ದಿನಗಳ ಬಳಿಕ ಬರ್ಮಿಂಗ್‌ಹ್ಯಾಮ್ ಎಂಬ ಯುದ್ಧನೌಕೆಯೂ ಕಾರ್ಥೇಜ್ ಎಂಬ ಹಡಗೂ ಸೇರಿ 678 ಮಂದಿಯನ್ನು ಉಳಿಸಿದವು. 280 ಮಂದಿ ಮರಳಲಿಲ್ಲ.

ಅದೇ ಹಡಗಿನಲ್ಲಿ 2,364 ಬೆಳ್ಳಿಯ ಗಟ್ಟಿಗಳಿದ್ದವು. 2017ರಲ್ಲಿ ಅವನ್ನು ಕಡಲ ತಳದಿಂದ ಮೇಲೆತ್ತಲಾಯಿತು. ಬೆಳ್ಳಿ ಯಾರದ್ದು ಎಂಬ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ತನಕ ಹೋಗಿ 2024ರಲ್ಲಿ ತೀರ್ಪು ಬಂತು. ಸತ್ತವರ ನೆನಪಿಗಾಗಿ ಕುಟುಂಬದವರು ಮುಂಬಯಿಯಲ್ಲಿ ಮೊದಲ ಸ್ಮರಣಾ ಸಭೆ ಸೇರಿಸಿದ್ದು 2022ರಲ್ಲಿ, ದುರಂತದ 80ನೇ ವರ್ಷದಲ್ಲಿ. ಎರಡನೇ ಮಹಾಯುದ್ಧದಲ್ಲಿ ಹೀಗೆ ಕಡಲು ಪಾಲಾದ ನಮ್ಮ ದೇಶದ ವ್ಯಾಪಾರಿ ಹಡಗಿನ ನಾವಿಕರು 6,000ಕ್ಕೂ ಹೆಚ್ಚು. ಅವರು ಯಾರೂ ಸೈನಿಕರಲ್ಲ. ಸಂಬಳಕ್ಕೆ ದುಡಿಯಲು ಹೋದವರು.

ಕರಾವಳಿಯ ಸ್ಟೀಮರುಗಳಿಗೂ ದುರಂತ ತಪ್ಪಲಿಲ್ಲ. ಟೈಟಾನಿಕ್ ಮುಳುಗಿದ ಮೇಲೆ ಹಡಗುಗಳ ಸುರಕ್ಷತೆಗೆ 1914ರಲ್ಲೇ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಆದರೂ 1947ರ ಜುಲೈ 17ರಂದು ಮುಂಬಯಿ ಹತ್ತಿರ ಮುಳುಗಿದ ರಾಮದಾಸ್ ಸ್ಟೀಮರಿನಲ್ಲಿ ವೈರ್‌ಲೆಸ್ ಇರಲಿಲ್ಲ. 600ಕ್ಕೂ ಹೆಚ್ಚು ಜನ ಸತ್ತ ಸುದ್ದಿ ದಡಕ್ಕೆ ತಲುಪಲು ಗಂಟೆಗಟ್ಟಲೆ ಹಿಡಿಯಿತು. ಕಾನೂನು ಮೊದಲು ದೊಡ್ಡವರ ಹಡಗು ಹತ್ತುತ್ತದೆ, ಬಡವರ ಸ್ಟೀಮರಿಗೆ ಆಮೇಲೆ ಬರುತ್ತದೆ.

ಮುಗಿದ ಕಾಲ, ಉಳಿದ ಕೆಲಸ

1951ರಲ್ಲಿ ಬಜ್ಪೆಯಲ್ಲಿ ವಿಮಾನ ಇಳಿಯಿತು. ನದಿಗಳಿಗೆ ಸೇತುವೆಗಳಾಗಿ ಬಸ್ಸುಗಳು ಮುಂಬಯಿ ಮುಟ್ಟಿದವು. ಆಫ್ರಿಕಾ ದಾರಿಯ ಕರಂಜಾ 1976ರಲ್ಲಿ, ಕೊಲ್ಲಿ ದಾರಿಯ ದ್ವಾರಕಾ 1982ರಲ್ಲಿ ನಿಂತವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಇಂದು ಬೆಳಿಗ್ಗೆ ಕೊಯ್ದ ಶಂಕರಪುರ ಮಲ್ಲಿಗೆ ಬಾಡುವ ಮೊದಲೇ ಮುಂಬಯಿಯಲ್ಲಿ ಇರುತ್ತದೆ. 38 ಗಂಟೆಯ ದಾರಿಯಲ್ಲಿ ಅದು ಆಗದ ಮಾತು.

ನಮ್ಮಲ್ಲಿ ಮನೆಗೊಬ್ಬರು ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಇದ್ದಾರೆ. ಈ ಹೋಗುವ ಅಭ್ಯಾಸ ಸ್ಟೀಮರಿನ ಕಾಲದ್ದು. ಆದರೆ ಸ್ಟೀಮರು ಹತ್ತಿದವರಲ್ಲಿ ಈಗ ಉಳಿದಿರುವವರು ಕೆಲವೇ ಮಂದಿ ಹಿರಿಯರು. ಲಸ್ಕರರ ಬಳಿ 'ನಲ್ಲಿ' ಎಂಬ ಸಣ್ಣ ಪುಸ್ತಕ ಇರುತ್ತಿತ್ತು. ಯಾವ ಹಡಗಿನಲ್ಲಿ ಎಷ್ಟು ದಿನ ದುಡಿದ ಎಂದು ಅದರಲ್ಲಿ ಬರೆಯುತ್ತಿದ್ದರು. ಅಂಥ ಪುಸ್ತಕ, ಟಿಕೇಟು, ಕಾಗದ, ಹೆಸರು ಬರೆದ ಟ್ರಂಕು ನಿಮ್ಮ ಅಟ್ಟದಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಸಮಾಜ ವಿಜ್ಞಾನದ ಅಧ್ಯಾಪಕರಲ್ಲೂ ಒಂದು ವಿನಂತಿ: ಎಂಟರಿಂದ ಹತ್ತನೆಯ ತರಗತಿಯ ಮಕ್ಕಳು ಈ ವರ್ಷ ತಮ್ಮ ಮನೆಯ ಹಿರಿಯರನ್ನು ಕೇಳಿ ಬರೆದು ತರಲಿ. ಯಾರು ಹೋದರು, ಯಾವ ಹಡಗು, ಎಲ್ಲಿ ಹತ್ತಿದರು, ಏನು ಕೆಲಸ, ಯಾವಾಗ ಬಂದರು, ಇಷ್ಟು ಸಾಕು. ಆ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಶಾಲೆಯ ಗ್ರಂಥಾಲಯದಲ್ಲಿ ಇಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.