ಚುಕ್ಕಿಯೋ, ಅಲ್ಪವಿರಾಮವೋ

ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ಎರಡು ದೊಡ್ಡ ಹೆದ್ದಾರಿಗಳು ಕೂಡುತ್ತವೆ. ಒಂದು ಕೋಲ್ಕತ್ತ–ಚೆನ್ನೈ ನಡುವಿನ 16ನೇ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು ಪುಣೆಯಿಂದ ಹೊರಟು, ಬೀದರ್ ಜಿಲ್ಲೆಯ ಹುಮನಾಬಾದ್ ದಾಟಿ, ಹೈದರಾಬಾದ್ ಮೇಲಾಗಿ ಮಚಲೀಪಟ್ಟಣಕ್ಕೆ ಹೋಗುವ 65ನೆಯದು. ಭೂಪಟದಲ್ಲಿ ಈ ವೃತ್ತದ ನೆಲೆ ಸುಮಾರು 16.50 ಡಿಗ್ರಿ ಉತ್ತರ, 80.65 ಡಿಗ್ರಿ ಪೂರ್ವ. ಎರಡೂ ಸಂಖ್ಯೆಗಳಲ್ಲಿ ಚುಕ್ಕಿಯಿಂದಾಚೆಗಿನ ಭಾಗ ಕಳಚಿಬಿದ್ದರೆ ಉಳಿಯುವುದು 16 ಮತ್ತು 80. ಆ ಜಾಗ ಇರುವುದು ನೈರುತ್ಯಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಚಿಲಕಲೂರಿಪೇಟೆಯ ಆಚೆ. ಬೆಂಗಳೂರಿನ 12.97 ಮತ್ತು 77.59ಕ್ಕೂ ಇದೇ ಗತಿಯಾದರೆ ರಾಜಧಾನಿ ಹೋಗಿ ಚಾಮರಾಜನಗರದ ಪಕ್ಕದಲ್ಲಿ ಕೂರುತ್ತದೆ.

ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಒಂದು ಸಂಖ್ಯೆಗಳನ್ನು ಹೀಗೆ ಕತ್ತರಿಸಿಬಿಡಬಹುದು, ಅದೂ ಯಾವ ದೂರನ್ನೂ ಹೇಳದೆ. ಅದಕ್ಕೆ ಬೇಕಾದದ್ದು ಇಷ್ಟೇ: ಆ ಕಂಪ್ಯೂಟರು ಜರ್ಮನ್ ಅಥವಾ ಫ್ರೆಂಚ್ ರೂಢಿಗೆ ಹೊಂದಿಸಲ್ಪಟ್ಟಿರಬೇಕು. ಈ ತೊಡಕಿನ ಬೇರು ಕಂಪ್ಯೂಟರಿಗಿಂತ ಬಹಳ ಹಳೆಯದು.

ಸ್ಥಾನಬೆಲೆಯ ಅಂಕಿಗಳು ಈ ನೆಲದಲ್ಲಿ ಬೆಳೆದವು. ಆದರೆ ಒಂದಕ್ಕಿಂತ ಕಡಿಮೆಯದನ್ನು ಇಲ್ಲಿ ಬಹುಕಾಲ ಭಿನ್ನರಾಶಿಯಲ್ಲೇ ಎಣಿಸಿದರು. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯ ರಚಿಸಿದ ‘ಗಣಿತಸಾರಸಂಗ್ರಹ’ ಭಿನ್ನರಾಶಿಗಳನ್ನು ವಿಸ್ತಾರವಾಗಿ ಹೇಳುತ್ತದೆ. ಹನ್ನೆರಡನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ವ್ಯಾಪಾರಿಗಳ ಬಾಯಲ್ಲಿ ಇದ್ದದ್ದು ಕಾಲು, ಅರೆ, ಮುಕ್ಕಾಲು. ಹಣದ ಕಾಲು ಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ. ಅರ್ಧ ಮಾಡುತ್ತಾ ಹೋಗುವ ಈ ಲೆಕ್ಕಕ್ಕೆ ಚುಕ್ಕಿಯ ಅಗತ್ಯವೇ ಇರಲಿಲ್ಲ.

ಹತ್ತರಿಂದ ಭಾಗಿಸುತ್ತಾ ಹೋಗುವ ದಶಮಾಂಶ ಭಿನ್ನರಾಶಿ, ಮತ್ತು ಅದಕ್ಕೊಂದು ಗುರುತು, ಕಾಣಿಸುವುದು 952ರ ಸುಮಾರಿಗೆ ದಮಾಸ್ಕಸ್‌ನಲ್ಲಿ ಅಲ್-ಉಕ್ಲಿದಿಸಿ ಬರೆದ ಪುಸ್ತಕದಲ್ಲಿ. ಆ ಪುಸ್ತಕದ ಹೆಸರಲ್ಲೇ ‘ಹಿಂದೀ ಲೆಕ್ಕ’ ಎಂಬ ಮಾತಿದೆ. ಯುರೋಪಿನಲ್ಲಿ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 1585ರಲ್ಲಿ ಸೈಮನ್ ಸ್ಟೆವಿನ್ ಹೊರತಂದ ಕಿರುಹೊತ್ತಗೆ. ಅವನ ಬರಹದಲ್ಲಿ ಚುಕ್ಕಿಯೂ ಇಲ್ಲ, ಅಲ್ಪವಿರಾಮವೂ ಇಲ್ಲ. ಪ್ರತಿ ಸ್ಥಾನಕ್ಕೂ ವೃತ್ತದೊಳಗೆ ಬರೆದ ಅಂಕಿ. 1617ರಲ್ಲಿ ಜಾನ್ ನೇಪಿಯರ್ ಚುಕ್ಕಿ ಅಥವಾ ಅಲ್ಪವಿರಾಮ, ಯಾವುದಾದರೂ ಆದೀತು ಎಂದ. ಇಂಗ್ಲೆಂಡು ಚುಕ್ಕಿಯ ಕಡೆ ವಾಲಿತು. ಭೂಖಂಡದಲ್ಲಿ ಲೈಬ್ನಿಟ್ಸ್ 1698ರಲ್ಲಿ ಗುಣಾಕಾರಕ್ಕೆ ಚುಕ್ಕಿ ಬಳಸಲು ಹೇಳಿದ. ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ನೆಲೆಯಾಯಿತು. ಹೀಗಾಗಿ ಇಂಗ್ಲಿಷರ 1,234.5 ಜರ್ಮನರಿಗೆ 1.234,5. ತೂಕ ಮತ್ತು ಅಳತೆಗಳ ಸಾಮಾನ್ಯ ಸಮ್ಮೇಳನ 2003ರಲ್ಲಿ ಈ ಜಗಳಕ್ಕೆ ತೀರ್ಪು ಕೊಡದೆ ಎರಡೂ ಸರಿ ಎಂದು ಠರಾವು ಮಾಡಿತು.

ಭಾರತಕ್ಕೆ ಚುಕ್ಕಿ ಬಂದದ್ದು ಇಂಗ್ಲಿಷ್ ಶಾಲೆಯ ಮೂಲಕ. ಅಂಗಡಿಯ ಲೆಕ್ಕಕ್ಕೆ ಅದು ಇಳಿದದ್ದು 1957ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಐದು ರೂಪಾಯಿ ಎಂಟಾಣೆಯನ್ನು 5-8-0 ಎಂದು ಬರೆಯುತ್ತಿದ್ದರು. ಅಂದಿನಿಂದ ರೂಪಾಯಿಗೆ 100 ನಯಾ ಪೈಸೆ, ಬರಹದಲ್ಲಿ 5.50. ನಾಲ್ಕಾಣೆ ಸಲೀಸಾಗಿ 25 ಪೈಸೆ ಆಯಿತು. ಒಂದಾಣೆ ಮಾತ್ರ ಆರೂಕಾಲು ಪೈಸೆ. ಪರಿವರ್ತನೆಯ ಪಟ್ಟಿ ಅದನ್ನು 6 ಎಂದು ಹಿಡಿಯಿತು. ಹದಿನಾರು ಸಲ ಒಂದೊಂದೇ ಆಣೆ ಬದಲಾಯಿಸಿದವನಿಗೆ ಸಿಗುವುದು 96 ಪೈಸೆ. ಒಂದು ಪದ್ಧತಿಯ ಸಂಖ್ಯೆಯನ್ನು ಇನ್ನೊಂದರಲ್ಲಿ ಓದುವಾಗ ಎಲ್ಲೋ ಒಂದು ಕಡೆ ಸೋರಿಕೆ ಇರುತ್ತದೆ ಎಂಬುದನ್ನು ದೇಶವಿಡೀ ಆಗ ಕೈಯಾರೆ ಕಲಿಯಿತು.

ಡೆನ್ನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ 1972ರ ಹೊತ್ತಿಗೆ ರೂಪಿಸಿದ ಸಿ ಭಾಷೆಗೆ ಗೊತ್ತಿದ್ದದ್ದು ಚುಕ್ಕಿ ಮಾತ್ರ. ಭಾಷೆ ಅಮೆರಿಕದಾಚೆ ಹರಡಿದಾಗ ಊರೂರಿನ ರೂಢಿಗೆ ಜಾಗ ಬೇಕಾಯಿತು. 1989ರ ಆನ್ಸಿ ಮಾನಕ ‘ಲೊಕೇಲ್’ ಎಂಬ ಏರ್ಪಾಡನ್ನು ತಂದಿತು: ಅಕ್ಷರಗಳ ಅನುಕ್ರಮ, ದಿನಾಂಕ, ಹಣದ ಚಿಹ್ನೆ, ದಶಮಾಂಶದ ಗುರುತು ಎಲ್ಲವೂ ಅದರೊಳಗೆ. ಪ್ರೋಗ್ರಾಂ ಶುರುವಾಗುವಾಗ ‘ಸಿ’ ಎಂಬ ಹೆಸರಿನ ತಟಸ್ಥ ಲೊಕೇಲ್ ಇರುತ್ತದೆ. ‘ಸೆಟ್‌ಲೊಕೇಲ್’ ಎಂಬ ಫಂಕ್ಷನ್ನನ್ನು ಖಾಲಿ ಹೆಸರಿನೊಂದಿಗೆ ಕರೆದರೆ ಬಳಕೆದಾರರ ಊರಿನ ರೂಢಿ ಜಾರಿಗೆ ಬರುತ್ತದೆ.

ಪೆಟ್ಟು ಬೀಳುವುದು ಇಲ್ಲೇ. ಅಕ್ಷರಗಳ ಸಾಲನ್ನು ಸಂಖ್ಯೆಯಾಗಿಸುವ ‘ಸ್ಟ್ರ್‌ಟೋಡಿ’ ಫಂಕ್ಷನ್ ಚಾಲ್ತಿಯಲ್ಲಿರುವ ಲೊಕೇಲ್‌ನ ಗುರುತನ್ನಷ್ಟೇ ಒಪ್ಪುತ್ತದೆ. ಜರ್ಮನ್ ರೂಢಿಯಲ್ಲಿ 16.50 ಎಂದು ಕೊಟ್ಟರೆ 16ರವರೆಗೆ ಓದಿ, ಚುಕ್ಕಿ ಕಂಡಲ್ಲಿ ನಿಲ್ಲುತ್ತದೆ. ಎಲ್ಲಿ ನಿಂತೆ ಎಂಬುದನ್ನು ತಿಳಿಸುವ ಸೌಲಭ್ಯ ಅದರಲ್ಲಿದೆ, ಆದರೆ ಕೇಳುವವರು ಕಡಿಮೆ. ಅದರ ತಮ್ಮನಂತಿರುವ ‘ಅಟೋಫ್’ ಫಂಕ್ಷನ್ನಿಗೆ ಆ ಸೌಲಭ್ಯವೂ ಇಲ್ಲ. ಬರೆಯುವಾಗ ಇದರ ತಿರುಗುಮುರುಗು: ಅದೇ ಪ್ರೋಗ್ರಾಂ 16,50 ಎಂದು ಬರೆಯುತ್ತದೆ, ಅಲ್ಪವಿರಾಮದಿಂದ ಅಂಕಣ ಬೇರ್ಪಡಿಸುವ ಫೈಲಿನಲ್ಲಿ ಒಂದು ಅಂಕಣ ಎರಡಾಗುತ್ತದೆ. ಪ್ರೋಗ್ರಾಂ ಬರೆದವರು ಸೆಟ್‌ಲೊಕೇಲ್ ಕರೆಯದಿದ್ದರೂ ರಕ್ಷಣೆ ಇಲ್ಲ. ಜಿಟಿಕೆಯಂಥ ಕಿಟಕಿ-ಗುಂಡಿ ಬಿಡಿಸುವ ಲೈಬ್ರರಿ ಶುರುವಾಗುವಾಗ ತಾನೇ ಕರೆದುಬಿಡುತ್ತದೆ.

ಭಾರತದಲ್ಲಿ ಕೂತು ಪ್ರೋಗ್ರಾಂ ಬರೆಯುವವರಿಗೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಕನ್ನಡ, ತೆಲುಗು, ಭಾರತೀಯ ಇಂಗ್ಲಿಷ್ ಎಲ್ಲ ಲೊಕೇಲ್‌ಗಳಲ್ಲೂ ದಶಮಾಂಶದ ಗುರುತು ಚುಕ್ಕಿಯೇ. ಬೆಂಗಳೂರಿನಲ್ಲಿ ಪ್ರತಿ ಪರೀಕ್ಷೆಯಲ್ಲೂ ಗೆದ್ದ ಪ್ರೋಗ್ರಾಂ ಮ್ಯೂನಿಕ್‌ನ ಮೇಜಿನ ಮೇಲೆ ಸೋಲುತ್ತದೆ. ಸದ್ದುಮಾಡಿ ಬಿದ್ದಿದ್ದರೆ ಯಾರಾದರೂ ಎತ್ತುತ್ತಿದ್ದರು. ಇದು 2.5 ಮಿಲಿಗ್ರಾಂ ಅನ್ನು 2 ಎಂದು ಓದಿ ಮುಂದಕ್ಕೆ ಹೋಗುತ್ತದೆ, 0.5 ಆಗಿದ್ದರೆ ಸೊನ್ನೆ.

ಪರಿಹಾರಗಳಿಗೂ ಒಂದು ಇತಿಹಾಸವಿದೆ. ಓದುವ ಮೊದಲು ಲೊಕೇಲನ್ನು ‘ಸಿ’ಗೆ ಬದಲಿಸಿ, ಓದಿದ ಮೇಲೆ ಹಿಂದಿರುಗಿಸುವುದು ಹಳೆಯ ಉಪಾಯ. ಆದರೆ ಸೆಟ್‌ಲೊಕೇಲ್ ಇಡೀ ಪ್ರೋಗ್ರಾಂಗೆ ಒಂದೇ. ಅದೇ ಗಳಿಗೆಯಲ್ಲಿ ಕೆಲಸ ಮಾಡುತ್ತಿರುವ ಇನ್ನೊಂದು ಥ್ರೆಡ್ಡಿನ ಲೆಕ್ಕ ಕೆಡುತ್ತದೆ. 2008ರ ಪಾಸಿಕ್ಸ್ ಮಾನಕ ‘ಯೂಸ್‌ಲೊಕೇಲ್’ ಮೂಲಕ ಪ್ರತಿ ಥ್ರೆಡ್ಡಿಗೂ ತನ್ನದೇ ಲೊಕೇಲ್ ಕೊಟ್ಟಿತು. ಜಿಲಿಬ್ ಲೈಬ್ರರಿ ಯಾವ ರೂಢಿಯಲ್ಲೂ ಚುಕ್ಕಿಯನ್ನೇ ಓದುವ ಬೇರೆ ಫಂಕ್ಷನ್ ಇಟ್ಟಿತು. 2017ರ ಸಿ++ ಮಾನಕದ ‘ಫ್ರಮ್‌ಚಾರ್ಸ್’ ಲೊಕೇಲ್ ಕಡೆ ತಲೆಯನ್ನೇ ಹಾಕುವುದಿಲ್ಲ.

ನಾಲ್ಕು ಸಾಲಿನಲ್ಲಿ ತಾನೇ ಬರೆದುಕೊಳ್ಳಬಹುದಲ್ಲ ಎಂದು ಹಲವರಿಗೆ ಅನಿಸುತ್ತದೆ: ಅಂಕಿ ಓದು, ಹತ್ತರಿಂದ ಗುಣಿಸು, ಕೂಡು, ಕೊನೆಗೆ ಭಾಗಿಸು. ಆದರೆ ಕಂಪ್ಯೂಟರಿನ ಲೆಕ್ಕ ಎರಡರ ಪದ್ಧತಿಯದು. ಅರ್ಧ, ಕಾಲು, ವೀಸ ಅದಕ್ಕೆ ಕರಾರುವಾಕ್ಕಾಗಿ ಸಿಗುತ್ತವೆ. ಹತ್ತನೇ ಒಂದು ಭಾಗ ಸಿಗುವುದಿಲ್ಲ, ಒಂದಾಣೆ ಪೂರ್ಣ ಪೈಸೆಗೆ ಹೊಂದದಿದ್ದ ಹಾಗೆ. ಹಂತಹಂತಕ್ಕೂ ಸೇರುವ ಸಣ್ಣ ಬದಲಾವಣೆಯಿಂದ ಕೊನೆಯ ಬಿಟ್ ತಪ್ಪಬಹುದು. ಅತಿ ಸಮೀಪದ ಬೆಲೆಯನ್ನೇ ಪಡೆಯುವ ದಾರಿಯನ್ನು 1990ರಲ್ಲಿ ವಿಲಿಯಂ ಕ್ಲಿಂಗರ್ ಮತ್ತು ಡೇವಿಡ್ ಗೇ ತೋರಿಸಿದರು. ಗೇ ಬರೆದ ಪ್ರೋಗ್ರಾಂ ಹಲವು ಭಾಷೆಗಳೊಳಗೆ ಸೇರಿತು. ಅದೇ ಕೆಲಸವನ್ನು ಹಲವು ಪಟ್ಟು ವೇಗವಾಗಿ ಮಾಡುವ ಬಗೆಯನ್ನು ಡೇನಿಯಲ್ ಲೆಮೀರ್ 2021ರಲ್ಲಿ ಪ್ರಕಟಿಸಿದರು.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಒಂದು ಸರಳ ವಿವೇಕ. ಮನುಷ್ಯರು ಓದುವ ಪರದೆಯ ಮೇಲೆ ಅವರವರ ರೂಢಿ ಇರಲಿ: ಲಕ್ಷಕ್ಕೆ ನಮ್ಮ ಅಲ್ಪವಿರಾಮ, ಬೇಕೆಂದವರಿಗೆ ೧೬.೫ ಎಂಬ ಕನ್ನಡ ಅಂಕಿ. ಯಂತ್ರದಿಂದ ಯಂತ್ರಕ್ಕೆ ಹೋಗುವ ಫೈಲಿನಲ್ಲಿ ಮಾತ್ರ ಗುರುತು ಒಂದೇ ಇರಬೇಕು, ಓದುವ ಫಂಕ್ಷನ್ನಿಗೆ ಅದು ಮೊದಲೇ ಗೊತ್ತಿರಬೇಕು, ಸಾಲಿನ ಕೊನೆಯವರೆಗೂ ಓದಿದೆಯೋ ಇಲ್ಲವೋ ಎಂದು ಕೇಳಿ ನೋಡಬೇಕು. ಆಣೆ ಹೋಗಿ ಆರು ದಶಕ ದಾಟಿದರೂ ಕನ್ನಡದಲ್ಲಿ ಪೂರ್ತಿ ನಿಜವಾದ ಮಾತು ಇನ್ನೂ ಹದಿನಾರಾಣೆ ಸತ್ಯವೇ. ಮಾತಿಗೆ ಆ ಸಲುಗೆ ಇದೆ, ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಸ್ಟ್ರ್‌ಟೋಡಿಗೆ ಆ ಶಕ್ತಿ ಇಲ್ಲ. ಅದು ಚುಕ್ಕಿ ಕಂಡಲ್ಲಿ ನಿಲ್ಲುತ್ತದೆ, ಅಷ್ಟೇ.