ಕಾನ್ಪುರದ ಗುಜರಿಯಿಂದ ಎದ್ದ ಲಿಬರೇಟರ್

ಕಾಖಂಡಕಿ ಎಂದರೆ ಕೆಲವರಿಗೆ ಮಹಿಪತಿದಾಸರು ನೆನಪಾಗುತ್ತಾರೆ, ನಮ್ಮ ಕಡೆಯ ಬಹಳ ಮಂದಿಗೆ ಕಾರಹುಣ್ಣಿಮೆಯ ಕರಿ. ನನಗೆ ಮಾತ್ರ ಆ ಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣು ಕಲಸಿ ಒಂದು ಜೋಡಿ ಎತ್ತು, ಅವುಗಳ ಮುಂದೊಂದು ಗ್ವಾದಲಿ ಮಾಡುತ್ತಿದ್ದೆವು. ಕೋಡು ಮುರಿದರೆ ಅವ್ವ ಕಡ್ಡಿ ಚುಚ್ಚಿ ಮತ್ತೆ ನಿಲ್ಲಿಸುತ್ತಿದ್ದಳು. ಕಳೆದ ಮಳೆಗಾಲ ಊರಿಗೆ ಹೋದಾಗ ಅದೇ ಪಡಸಾಲೆಯಲ್ಲಿ ಕೂತು ನಾನು ಮಾಡಿದ್ದು ವಿಮಾನ. ಎರಡನೇ ಮಹಾಯುದ್ಧದ ಬಿ-24 ಲಿಬರೇಟರ್ ಬಾಂಬರಿನ ಪ್ಲಾಸ್ಟಿಕ್ ಮಾದರಿ, 1:72 ಅಳತೆಯದು.

72 ಎಂಬ ಈ ವಿಚಿತ್ರ ಸಂಖ್ಯೆ ಅಡಿ-ಇಂಚಿನ ಲೆಕ್ಕದಿಂದ ಬಂದದ್ದು. ಆರು ಅಡಿ ಇಲ್ಲಿ ಒಂದು ಇಂಚು, ಅಂದರೆ ಆಳೆತ್ತರದ ಮನುಷ್ಯ ಹೆಬ್ಬೆರಳಿನ ಒಂದು ಗಿಣ್ಣಿನಷ್ಟು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ ಮರದ ವಿಮಾನಗಳನ್ನು ಲಕ್ಷಗಟ್ಟಲೆ ಕೆತ್ತಿಸಿದ್ದೂ ಇದೇ ಅಳತೆಯಲ್ಲಿ. ಆಕಾಶದಲ್ಲಿ ಕಂಡದ್ದು ತಮ್ಮದೋ ವೈರಿಯದೋ ಎಂದು ಸೈನಿಕರಿಗೆ ಕಲಿಸಲು ಅವು ಬೇಕಾಗಿದ್ದವು. 110 ಅಡಿ ರೆಕ್ಕೆಯ ಲಿಬರೇಟರ್ ನನ್ನ ಕೈಯಲ್ಲಿ ಸುಮಾರು 47 ಸೆಂಟಿಮೀಟರಿಗೆ ಇಳಿದಿತ್ತು.

ಪೆಟ್ಟಿಗೆಯಲ್ಲಿ ಎಲ್ಲವೂ ಇರುತ್ತದೆ. ಚೌಕಟ್ಟಿಗೆ ಅಂಟಿದ ಬಿಡಿಭಾಗಗಳಿಗೆ ನಂಬರು, ನಂಬರಿಗೆ ತಕ್ಕ ಚಿತ್ರ. ಬ್ಲೇಡಿನಿಂದ ಬಿಡಿಸಬೇಕು, ಮರಳು ಕಾಗದದಿಂದ ಉಜ್ಜಬೇಕು, ಅಂಟು ಹಚ್ಚಿ ಕಾಯಬೇಕು. ಮೂತಿಯೊಳಗೆ ಭಾರ ತುಂಬದಿದ್ದರೆ ಲಿಬರೇಟರ್ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂಡುತ್ತದೆ. ನಾನು ಸೈಕಲ್ಲಿನ ನಟ್ಟು ತುಂಬಿದೆ. ಅಮೆರಿಕದಲ್ಲಿ ಈ ವಿಮಾನ 18 ಸಾವಿರಕ್ಕೂ ಹೆಚ್ಚು ತಯಾರಾಯಿತು. ಫೋರ್ಡ್‌ನ ವಿಲ್ಲೋ ರನ್ ಕಾರ್ಖಾನೆ ಒಂದು ಹಂತದಲ್ಲಿ ಹೆಚ್ಚು ಕಡಿಮೆ ಗಂಟೆಗೊಂದರಂತೆ ಹೊರತಂದಿತು. ನನಗೆ ಒಂದಕ್ಕೆ ಮೂರು ವಾರ.

ಬಣ್ಣದ ಹಂತಕ್ಕೆ ಬಂದಾಗ ತಕರಾರು ಶುರುವಾಯಿತು. ಅಂಟಿಸಲು ಕೊಟ್ಟಿದ್ದ ಗುರುತುಗಳೆಲ್ಲ ಅಮೆರಿಕದ ನಕ್ಷತ್ರ. ನಾನು ಮಾಡಹೊರಟದ್ದು ಬೆಂಗಳೂರಿನ ಲಿಬರೇಟರ್.

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆಯ ಲಿಬರೇಟರುಗಳು ಕಾನ್ಪುರದ ಚಕೇರಿಯಲ್ಲಿ ಬಂದು ನಿಂತವು. ಲೆಂಡ್-ಲೀಸ್ ಕರಾರಿನಡಿ ಅಮೆರಿಕ ಕೊಟ್ಟವು. ಇನ್ನು ಯಾರೂ ಹಾರಿಸಬಾರದೆಂದು ಅವನ್ನು ಬೇಕೆಂದೇ ಕೆಡಿಸಿದರು. ಮೈಗೆ ತೂತು, ಒಡೆದ ಮಾಪಕಗಳು, ಎಂಜಿನ್ನಿಗೆ ಮರಳು. ಸ್ವಾತಂತ್ರ್ಯ ಬಂದ ಮೇಲೆ ಭಾರತದ ಕೈಯಲ್ಲಿ ಭಾರಿ ಬಾಂಬರುಗಳಿರಲಿಲ್ಲ, ಕೊಳ್ಳಲು ದುಡ್ಡೂ ಇರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ತಂಡ 1948ರಲ್ಲಿ ಆ ಗುಜರಿಗೆ ಇಳಿಯಿತು. ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟು ಮಟ್ಟಿಗೆ ತೇಪೆ ಹಾಕಿ, ಸುಮಾರು 1,500 ಕಿ.ಮೀ. ದೂರದ ಬೆಂಗಳೂರಿಗೆ ಒಂದೊಂದಾಗಿ ತಂದರು. ಹಾರಿಸಿದವರು ಕಾರ್ಖಾನೆಯ ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ. ನಾಲ್ಕು ಎಂಜಿನ್ನಿನ ಆ ತೇಪೆಯ ಗಾಡಿಯಲ್ಲಿ ವಿಂಧ್ಯ ದಾಟುವಾಗ ಅವರ ಕಿವಿ ಯಾವ ಸದ್ದಿನ ಮೇಲಿತ್ತೋ! ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ ಕಟ್ಟಿದ ಮೊದಲ ವಿಮಾನಗಳು ಆ ವರ್ಷದ ನವೆಂಬರಿನಲ್ಲೇ ವಾಯುಪಡೆ ಸೇರಿದವು. ಒಟ್ಟು 42 ಎದ್ದು ನಿಂತವು. ಕೊನೆಯವು 1968ರವರೆಗೆ ಕೆಲಸ ಮಾಡಿದವು. ಇಂದು ಇಂಗ್ಲೆಂಡ್, ಕೆನಡಾ, ಅಮೆರಿಕಗಳ ಮ್ಯೂಸಿಯಮ್ಮುಗಳು ತೋರಿಸುವ ಲಿಬರೇಟರುಗಳಲ್ಲಿ ಕೆಲವು ಇವೇ. ಕೆಡಿಸಿದವರ ಮನೆಗೇ ಮರಳಿದವು ಅನ್ನಿ.

ಇದು ಪವಾಡವಲ್ಲ. ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಆ ಕಾರ್ಖಾನೆ ತೆರೆದದ್ದು ವಿಮಾನ ಕಟ್ಟಲೆಂದೇ. ಹಾರ್ಲೋ ತರಬೇತಿ ವಿಮಾನ, ಕರ್ಟಿಸ್ ಹಾಕ್ ಯುದ್ಧವಿಮಾನ ಅಲ್ಲಿ ಜೋಡಣೆಯಾದವು. ಆದರೆ 1943ರಲ್ಲಿ ಅಮೆರಿಕದ ವಾಯುಪಡೆ ಅದನ್ನು ತನ್ನ ದುರಸ್ತಿ ಕೇಂದ್ರ ಮಾಡಿಕೊಂಡಿತು. ಕಟ್ಟುವ ಕನಸು ಆಗ ಹಿಂದೆ ಬಿತ್ತು ಎಂದು ಕೊರಗುವವರಿದ್ದಾರೆ. ಕೆಟ್ಟದ್ದನ್ನು ಬಿಚ್ಚಿ ಸರಿಮಾಡುವ ಕೈಗಳು ಅಲ್ಲೇ ಪಳಗಿದವು ಎಂದು ನನಗನಿಸುತ್ತದೆ. ಕಾನ್ಪುರದಲ್ಲಿ ಬೇಕಾಗಿದ್ದದ್ದು ಅಂಥ ಕೈಗಳೇ. ಈ ಕಥೆಯಲ್ಲಿ ಮುನ್ಷಿಯವರ ಹೆಸರು ಮತ್ತೆ ಮತ್ತೆ ಬರುತ್ತದೆ. ರಿವೆಟ್ ಹೊಡೆದವರು ಮಾತ್ರ ‘ಎಚ್‌ಎಎಲ್ ತಂಡ’ ಎಂಬ ಎರಡು ಪದದೊಳಗೆ ಉಳಿದುಬಿಟ್ಟಿದ್ದಾರೆ.

ಆಗಿನ ನಮ್ಮ ವಿಮಾನಗಳ ಗುರುತು ಈಗಿನ ತ್ರಿವರ್ಣದ ವೃತ್ತವಲ್ಲ, ಬಿಳಿಯ ಮೇಲೆ ನೀಲಿ ಅಶೋಕ ಚಕ್ರ. ಇಪ್ಪತ್ನಾಲ್ಕು ಅರೆಗಳನ್ನು ಗುಂಡಿಯಷ್ಟು ವೃತ್ತದಲ್ಲಿ ಬರೆಯಲು ಹೋಗಿ ಎರಡು ಸಲ ಕೆಡಿಸಿದೆ. ಮೂರನೇ ಸಲ ಎಣಿಸಲಿಲ್ಲ. ರೆಕ್ಕೆಯ ಮೇಲೆ ಅಲ್ಲಲ್ಲಿ ಬೇರೆ ಹೊಳಪಿನ ಬೆಳ್ಳಿ ಬಣ್ಣ ಹಚ್ಚಿ ತೇಪೆ ಕಾಣುವಂತೆ ಬಿಟ್ಟೆ. ನೋಡಿದ ಗೆಳೆಯನೊಬ್ಬ ಬಣ್ಣ ಸರಿ ಕೂತಿಲ್ಲ ಅಂದ.

ಕೊನೆಯ ದಿನ ಮುಂಗಾಲು ಮುರಿಯಿತು. ಅವ್ವ ಸೆರಗಿನ ಪಿನ್ನು ಬಿಚ್ಚಿ ಕೊಟ್ಟು, “ಇದನ್ನ ಚುಚ್ಚಪಾ, ನಿಲ್ಲತೈತಿ” ಅಂದಳು. ನಿಂತಿತು. ಮಾಡದಲ್ಲಿ (ಅವ್ವನ ದೇವರಿಗೂ ಅದೇ ಜಾಗ) ಆ ಸಲದ ಮಣ್ಣೆತ್ತುಗಳು ಇನ್ನೂ ಇದ್ದವು. ಪಕ್ಕಕ್ಕಿಟ್ಟೆ. ಅವ್ವ ಸ್ವಲ್ಪ ಹೊತ್ತು ನೋಡಿ, “ಎತ್ತ ಸಣ್ಣವು ಆದವಲ್ಲೋ” ಅಂದಳು.