ಕ್ಲ್ಯಾಪ್ ಸ್ಕೇಟ್

ಕ್ಲ್ಯಾಪ್ ಸ್ಕೇಟ್ ಎಂಬುದು ಮಂಜುಗಡ್ಡೆಯ ಮೇಲೆ ನಡೆಯುವ ವೇಗ ಸ್ಕೇಟಿಂಗ್ (ಸ್ಪೀಡ್ ಸ್ಕೇಟಿಂಗ್) ಸ್ಪರ್ಧೆಗಳಲ್ಲಿ ಬಳಸುವ ಒಂದು ಬಗೆಯ ಸ್ಕೇಟ್. ಹಳೆಯ ಮಾದರಿಯ ಸ್ಕೇಟ್‌ನಲ್ಲಿ ಉಕ್ಕಿನ ಅಲಗನ್ನು ಬೂಟಿನ ಅಡಿಗೆ ಮುಂದೆಯೂ ಹಿಂದೆಯೂ ಭದ್ರವಾಗಿ ಬಿಗಿದಿರುತ್ತಾರೆ. ಕ್ಲ್ಯಾಪ್ ಸ್ಕೇಟ್‌ನಲ್ಲಿ ಅಲಗು ಮುಂಗಾಲಿನ ಕೆಳಗಿನ ಒಂದು ತಿರುಗುಕೀಲಿನಿಂದ ಮಾತ್ರ ಬೂಟಿಗೆ ಸೇರಿಕೊಂಡಿರುತ್ತದೆ. ಹಿಮ್ಮಡಿಯು ಅಲಗನ್ನು ಬಿಟ್ಟು ಮೇಲೇಳಬಲ್ಲದು. ನೆದರ್ಲೆಂಡ್ಸ್‌ನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಈ ಸಾಧನ, 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್ ವೇಳೆಗೆ ಈ ಕ್ರೀಡೆಯ ದಾಖಲೆಗಳನ್ನು ಬದಲಿಸಿತು. ಇದು ವೇಗವನ್ನು ಹೆಚ್ಚಿಸುತ್ತದೆ ಎಂಬುದು ಮೊದಲು ಸಾಬೀತಾಯಿತು. ಏಕೆ ಹೆಚ್ಚಿಸುತ್ತದೆ ಎಂಬುದು ಆಮೇಲೆ ತಿಳಿಯಿತು.

ರಚನೆ

ಉದ್ದದ ಪಥದ ಸ್ಪರ್ಧೆಗಳಲ್ಲಿ ಬಳಸುವ ಅಲಗು ಸುಮಾರು 40 ಸೆಂ.ಮೀ. ಉದ್ದವಿರುತ್ತದೆ; ಅದರ ದಪ್ಪ ಒಂದು ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಅಲಗಿನ ತುದಿ ಬೂಟಿನಿಂದ ಬಹಳಷ್ಟು ಮುಂದಕ್ಕೆ ಚಾಚಿಕೊಂಡಿರುತ್ತದೆ. ತಿರುಗುಕೀಲನ್ನು ಕಾಲ್ಬೆರಳುಗಳ ಬುಡದ ಕೆಳಗೆ ಅಳವಡಿಸಲಾಗುತ್ತದೆ. ಕಾಲು ಮಂಜನ್ನು ತಳ್ಳುವ ಕೊನೆಯ ಘಟ್ಟದಲ್ಲಿ ಹಿಮ್ಮಡಿ ಮೇಲೆದ್ದರೂ ಅಲಗು ಪೂರ್ತಿಯಾಗಿ ಮಂಜಿನ ಮೇಲೆ ಉಳಿದಿರುತ್ತದೆ. ಕಾಲನ್ನು ಎತ್ತಿದೊಡನೆ ಒಂದು ಸ್ಪ್ರಿಂಗ್ ಅಲಗನ್ನು ಬೂಟಿನತ್ತ ಎಳೆದುಕೊಳ್ಳುತ್ತದೆ. ಆಗ ಕೇಳಿಬರುವ ‘ಟಪ್’ ಎಂಬ ಸದ್ದಿನಿಂದಲೇ ಸ್ಕೇಟ್‌ಗೆ ಈ ಹೆಸರು ಬಂದಿದೆ.

ತಳ್ಳುವಿಕೆಯ ಭೌತಶಾಸ್ತ್ರ

ಓಟಗಾರನು ನೆಲವನ್ನು ಹಿಂದಕ್ಕೆ ತಳ್ಳಿ ಮುಂದೆ ಸಾಗುತ್ತಾನೆ. ಸ್ಕೇಟರ್‌ಗೆ ಇದು ಸಾಧ್ಯವಿಲ್ಲ. ಅಲಗು ತನ್ನ ಉದ್ದದ ದಿಕ್ಕಿನಲ್ಲಿ ಸಲೀಸಾಗಿ ಜಾರುವುದರಿಂದ ಆ ದಿಕ್ಕಿನಲ್ಲಿ ಅದಕ್ಕೆ ಆಸರೆಯೇ ಸಿಗುವುದಿಲ್ಲ. ಆದ್ದರಿಂದ ಸ್ಕೇಟರ್ ಜಾರುತ್ತಿರುವಾಗಲೇ ಅಲಗಿಗೆ ಲಂಬವಾಗಿ, ಪಕ್ಕಕ್ಕೆ ತಳ್ಳಬೇಕಾಗುತ್ತದೆ. ಬಾಗಿದ ಮಂಡಿ ನೇರವಾಗುವಾಗ ಸೊಂಟಕ್ಕೂ ಪಾದಕ್ಕೂ ನಡುವಿನ ಅಂತರ ಮೊದಲು ವೇಗವಾಗಿ ಬೆಳೆಯುತ್ತದೆ. ಕಾಲು ನೇರವಾಗುತ್ತ ಬಂದಂತೆ, ಮಂಡಿ ಎಷ್ಟೇ ರಭಸದಿಂದ ಬಿಚ್ಚಿಕೊಂಡರೂ, ಅಂತರ ಬೆಳೆಯುವ ವೇಗ ಸೊನ್ನೆಯತ್ತ ಇಳಿಯುತ್ತದೆ. ಇದು ಕೇವಲ ಜ್ಯಾಮಿತಿಯ ಪರಿಣಾಮ. ಎತ್ತರಕ್ಕೆ ಜಿಗಿಯುವವರು ಈ ಕೊರತೆಯನ್ನು ಕೊನೆಯ ಕ್ಷಣದಲ್ಲಿ ಹಿಮ್ಮಡಿ ಎತ್ತಿ, ಪಾದವನ್ನು ನೀಡಿ ತುಂಬಿಕೊಳ್ಳುತ್ತಾರೆ. ಬಿಗಿದ ಅಲಗಿನ ಸ್ಕೇಟ್‌ನಲ್ಲಿ ಹಾಗೆ ಮಾಡಿದರೆ ಅಲಗಿನ ಚೂಪಾದ ತುದಿ ಮಂಜನ್ನು ಗೀರುತ್ತದೆ. ಹೀಗಾಗಿ ಹಿಮ್ಮಡಿಯನ್ನು ಎತ್ತದೆ ತಳ್ಳುವುದನ್ನೇ ಸ್ಕೇಟರ್‌ಗಳಿಗೆ ತಲೆಮಾರುಗಳಿಂದ ಕಲಿಸಲಾಗುತ್ತಿತ್ತು.

ಮಂಜಿನ ಘರ್ಷಣೆ ಅತ್ಯಲ್ಪ. ಅದರ ಗುಣಾಂಕ ನೇರ ಹಾದಿಯಲ್ಲಿ ಸುಮಾರು 0.005ರಷ್ಟು ಮಾತ್ರ. ಸ್ಕೇಟರ್‌ನ ಮುಖ್ಯ ಎದುರಾಳಿ ಗಾಳಿ. ಒಟ್ಟು ಪ್ರತಿರೋಧದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅದರದೇ. ವಾಯುರೋಧವನ್ನು ಮೀರಲು ಬೇಕಾದ ಶಕ್ತಿಯು (ಪವರ್) ವೇಗದ ಘನದಂತೆ ಏರುತ್ತದೆ. ವೇಗವನ್ನು ಶೇಕಡ 2ರಷ್ಟು ಹೆಚ್ಚಿಸಲು ಶೇಕಡ 6ರಷ್ಟು ಹೆಚ್ಚು ಶಕ್ತಿ ಬೇಕು. ಉನ್ನತ ಮಟ್ಟದ ಕ್ರೀಡಾಪಟುವಿಗೆ ಅಷ್ಟನ್ನು ಅಭ್ಯಾಸದಿಂದಲೇ ಗಳಿಸಲು ವರ್ಷಗಳೇ ಹಿಡಿಯಬಹುದು.

ಇತಿಹಾಸ

ಕೀಲುಳ್ಳ ಸ್ಕೇಟ್‌ನ ಕಲ್ಪನೆ ಹಳೆಯದು. ಜರ್ಮನಿಯ ಕಾರ್ಲ್ ಹಾನ್ನೆಸ್ 1894ರಷ್ಟು ಹಿಂದೆಯೇ ಅಂಥದೊಂದನ್ನು ರೂಪಿಸಿದ್ದರು. ಅದು ಬಳಕೆಗೆ ಬರಲಿಲ್ಲ. ಇಂದಿನ ರೂಪ ಆಮ್‌ಸ್ಟರ್‌ಡ್ಯಾಮ್‌ನ ವ್ರೇಯ ವಿಶ್ವವಿದ್ಯಾಲಯದ ಬಯೋಮೆಕ್ಯಾನಿಕ್ಸ್ ವಿಜ್ಞಾನಿ ಗೆರಿಟ್ ಯಾನ್ ಫಾನ್ ಇಂಗೆನ್ ಸ್ಖೆನಾವ್ ಅವರ ಕೊಡುಗೆ. ಜಿಗಿತ ಮತ್ತು ಸ್ಕೇಟಿಂಗ್ ಎರಡನ್ನೂ ಹೋಲಿಸಿ ಅಧ್ಯಯನ ಮಾಡಿದ ಅವರು, ಪಾದವನ್ನು ಬಿಡುಗಡೆಗೊಳಿಸಿದರೆ ಮೀನಖಂಡದ ಸ್ನಾಯುಗಳ ಕೆಲಸವೂ ತಳ್ಳುವಿಕೆಗೆ ಕೂಡಿಕೊಳ್ಳುತ್ತದೆ ಎಂದು ವಾದಿಸಿದರು. ವೈಕಿಂಗ್ ಎಂಬ ಡಚ್ ಸ್ಕೇಟ್ ತಯಾರಿಕಾ ಸಂಸ್ಥೆ ಇದನ್ನು ತಯಾರಿಸಲು ಮುಂದಾಯಿತು.

ಆದರೆ ಸುಮಾರು ಹತ್ತು ವರ್ಷ ಅಗ್ರ ಶ್ರೇಣಿಯ ಸ್ಕೇಟರ್‌ಗಳು ಇದರತ್ತ ಒಲವು ತೋರಲಿಲ್ಲ. ಅವರ ಹಿಂಜರಿಕೆಯನ್ನು ಕೇವಲ ಹಟವೆನ್ನಲಾಗದು: ಹಿಮ್ಮಡಿ ಎತ್ತಬಾರದೆಂಬ ಅಭ್ಯಾಸ ಮೈಗೂಡಿದವರು ಹೊಸ ಸಾಧನದ ಮೇಲೆ ಆರಂಭದಲ್ಲಿ ನಿಧಾನವಾಗುವ ಸಂಭವವಿತ್ತು, ಕಳೆದುಕೊಳ್ಳಲು ಅವರ ಬಳಿ ಪದಕಗಳಿದ್ದವು. ಅಂಥ ಹೊರೆಯಿಲ್ಲದ ಕಿರಿಯರು ಮುಂದೆ ಬಂದರು. 1994–95ರ ಋತುವಿನಲ್ಲಿ ದಕ್ಷಿಣ ಹಾಲೆಂಡ್ ಪ್ರಾಂತ್ಯದ 11 ಕಿರಿಯ ಸ್ಕೇಟರ್‌ಗಳು ಕ್ಲ್ಯಾಪ್ ಸ್ಕೇಟ್ ತೊಟ್ಟು ಸ್ಪರ್ಧಿಸಿದರು. ಆ ಋತುವಿನಲ್ಲಿ ಅವರ ಸಾಧನೆ ಸರಾಸರಿ ಶೇಕಡ 6.2ರಷ್ಟು ಸುಧಾರಿಸಿದರೆ, ಹಳೆಯ ಸ್ಕೇಟ್ ಬಳಸಿದ ಓರಗೆಯವರದು ಶೇಕಡ 2.5ರಷ್ಟು ಸುಧಾರಿಸಿತು. ಮುಂದೆ ಡಚ್ ಮಹಿಳಾ ತಂಡ ಇದನ್ನು ಅಳವಡಿಸಿಕೊಂಡಿತು. 1997ರ ಜನವರಿಯಲ್ಲಿ ಹೀರೆನ್‌ವೀನ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್ಪನ್ನು ಟೋನಿ ಡಿ ಯೊಂಗ್ ಇದೇ ಸ್ಕೇಟ್‌ನ ಮೇಲೆ ಗೆದ್ದ ನಂತರ ಇತರ ದೇಶಗಳು ಸುಮ್ಮನಿರಲಾಗಲಿಲ್ಲ.

ನಾಗಾನೊ 1998

ಜಪಾನಿನ ನಾಗಾನೊದ ಎಂ-ವೇವ್ ಕ್ರೀಡಾಂಗಣದಲ್ಲಿ 1998ರ ಫೆಬ್ರವರಿಯಲ್ಲಿ ನಡೆದ ಹತ್ತು ಸ್ಪರ್ಧೆಗಳ ಪೈಕಿ ಐದರಲ್ಲಿ ವಿಶ್ವದಾಖಲೆಗಳು ಮುರಿದವು. ನೆದರ್ಲೆಂಡ್ಸ್‌ನ ಜಿಯಾನಿ ರೊಮ್ಮೆ 10,000 ಮೀಟರ್ ದೂರವನ್ನು 13 ನಿಮಿಷ 15.33 ಸೆಕೆಂಡುಗಳಲ್ಲಿ ಕ್ರಮಿಸಿದರು. ನಾರ್ವೆಯ ಯೊಹಾನ್ ಓಲಾವ್ ಕೋಸ್ 1994ರಲ್ಲಿ ಸ್ಥಾಪಿಸಿದ್ದ 13 ನಿಮಿಷ 30.55 ಸೆಕೆಂಡುಗಳ ದಾಖಲೆ ಹೀಗೆ 15 ಸೆಕೆಂಡಿಗೂ ಹೆಚ್ಚಿನ ಅಂತರದಲ್ಲಿ ಅಳಿಯಿತು. ಮಹಿಳೆಯರ 5,000 ಮೀಟರ್ ಸ್ಪರ್ಧೆಯಲ್ಲಿ ಜರ್ಮನಿಯ ಕ್ಲೌಡಿಯಾ ಪೆಖ್‌ಸ್ಟೈನ್ 6 ನಿಮಿಷ 59.61 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ತಮ್ಮದೇ ದೇಶದ ಗುಂಡಾ ನೀಮನ್ ಅವರನ್ನು ಕೇವಲ 0.04 ಸೆಕೆಂಡಿನಿಂದ ಹಿಂದಿಕ್ಕಿದರು. ಓಡುತ್ತಲೇ ಆರಂಭಿಸಬೇಕಾದ 500 ಮೀಟರ್ ಸ್ಪರ್ಧೆಗೆ ಸಡಿಲ ಅಲಗು ಒಗ್ಗದು ಎಂಬ ಅನುಮಾನವೂ ಉಳಿಯಲಿಲ್ಲ. ಜಪಾನಿನ ಹಿರೊಯಾಸು ಶಿಮಿಜು ಆ ಚಿನ್ನವನ್ನು ಕ್ಲ್ಯಾಪ್ ಸ್ಕೇಟ್‌ನಲ್ಲೇ ಗೆದ್ದರು. ಫಾನ್ ಇಂಗೆನ್ ಸ್ಖೆನಾವ್ ಅದೇ ವರ್ಷದ ಏಪ್ರಿಲ್‌ನಲ್ಲಿ ನಿಧನರಾದರು.

ಸಿದ್ಧಾಂತದ ಮರುಪರಿಶೀಲನೆ

ಮೂಲ ವಿವರಣೆಯ ಪ್ರಕಾರ ಹೆಚ್ಚುವರಿ ಕೆಲಸ ಕಣಕಾಲಿನಿಂದ ಬರಬೇಕಿತ್ತು. ಹಳೆಯ ಮತ್ತು ಹೊಸ ಸ್ಕೇಟ್‌ಗಳನ್ನು ತೊಡಿಸಿ ಅನುಭವಿ ಸ್ಕೇಟರ್‌ಗಳ ಮೇಲೆ ಹಾನ್ ಹೌಡೈಕ್ ಮತ್ತು ಸಹೋದ್ಯೋಗಿಗಳು ಮಾಡಿದ ಅಳತೆಗಳು 2000ರಲ್ಲಿ ಪ್ರಕಟವಾದವು. ಕ್ಲ್ಯಾಪ್ ಸ್ಕೇಟ್‌ನಲ್ಲಿ ಸರಾಸರಿ ಶಕ್ತಿ 25 ವ್ಯಾಟ್‌ನಷ್ಟು ಹೆಚ್ಚಿತ್ತು. ಪ್ರತಿ ತಳ್ಳುವಿಕೆಯ ಕೆಲಸ 11 ಜೂಲ್‌ನಷ್ಟು ಏರಿತ್ತು. ತಳ್ಳುವಿಕೆಯ ಆವರ್ತನ ಸೆಕೆಂಡಿಗೆ 1.30ರಿಂದ 1.36ಕ್ಕೆ ಏರಿತ್ತು. ಈ ವ್ಯತ್ಯಾಸವೆಲ್ಲ ಉಂಟಾದದ್ದು ತಳ್ಳುವಿಕೆಯ ಕೊನೆಯ 50 ಮಿಲಿಸೆಕೆಂಡುಗಳಲ್ಲಿ, ಅಂದರೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ. ಆದರೆ ಹೆಚ್ಚಿನ ಕೆಲಸ ಕಂಡುಬಂದದ್ದು ಕಣಕಾಲಿನಲ್ಲಲ್ಲ, ಮಂಡಿಯಲ್ಲಿ.

ಇದರ ಗುಟ್ಟು ಪಾದ ಯಾವ ಬಿಂದುವಿನ ಸುತ್ತ ತಿರುಗುತ್ತದೆ ಎಂಬುದರಲ್ಲಿದೆ. ಹಳೆಯ ಸ್ಕೇಟ್‌ನಲ್ಲಿ ಪಾದವು ಬಹಳ ಮುಂದಿರುವ ಅಲಗಿನ ತುದಿಯ ಸುತ್ತಲೇ ತಿರುಗಬೇಕು. ಸನ್ನೆಗೋಲು ಹೀಗೆ ಉದ್ದವಾದಾಗ ಪಾದದ ತಿರುಗುವಿಕೆ ದೇಹವನ್ನು ಮುನ್ನೂಕಲು ಸಮರ್ಥವಾಗಿ ಒದಗುವುದಿಲ್ಲ. ಮಂಡಿ ಪೂರ್ತಿ ಬಿಚ್ಚಿಕೊಳ್ಳುವ ಮುನ್ನವೇ ತಳ್ಳುವಿಕೆ ಮುಗಿದುಹೋಗುತ್ತದೆ. ತಿರುಗುಕೀಲು ಆ ಬಿಂದುವನ್ನು ಮುಂಗಾಲಿನ ಕೆಳಕ್ಕೆ ತಂದಿತು. ಊಹೆ ಒಂದಂಶದಲ್ಲಿ ತಪ್ಪಿದರೂ ಸಾಧನ ಸರಿಯಾಗಿಯೇ ಇತ್ತು. ಎಂಜಿನಿಯರಿಂಗ್‌ನಲ್ಲಿ ಇದು ಅಪರೂಪವೇನಲ್ಲ.

ವಿವಾದ ಮತ್ತು ನಿಯಮಗಳು

ಒಲಿಂಪಿಕ್ಸ್‌ಗೆ ಕೆಲವೇ ತಿಂಗಳುಗಳಿರುವಾಗ, ಜೀವಮಾನವಿಡೀ ಕಲಿತ ಶೈಲಿಯನ್ನು ಬಿಟ್ಟು ಹೊಸದನ್ನು ಕಲಿಯಬೇಕಾದವರಿಗೆ ಇದು ಅನ್ಯಾಯವೆನಿಸಿತು. ಡಚ್ಚರಿಗೆ ಮೊದಲೇ ಕೈಗೆ ಸಿಕ್ಕ ಲಾಭದ ಬಗ್ಗೆಯೂ ಆಕ್ಷೇಪಗಳಿದ್ದವು. ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಬಳಕೆಗೆ ಅವಕಾಶ ನೀಡಿತು. ಪಾಲಿಯುರೆಥೇನ್ ಈಜುಡುಗೆಗಳನ್ನು 2010ರಿಂದ ನಿಷೇಧಿಸಿದ ಈಜು ಒಕ್ಕೂಟದ ನಿರ್ಧಾರದೊಂದಿಗೆ ಇದನ್ನು ಹೋಲಿಸಬಹುದು. ಅಂಥ ಉಡುಗೆ ನೀರಿನ ಪ್ರತಿರೋಧವನ್ನು ತಗ್ಗಿಸಿ ಈಜುಗಾರನನ್ನು ತೇಲಿಸಲು ನೆರವಾಗುತ್ತಿತ್ತು. ಕ್ಲ್ಯಾಪ್ ಸ್ಕೇಟ್ ಹೊರಗಿನಿಂದ ಶಕ್ತಿಯನ್ನು ತರುವುದಿಲ್ಲ, ಕಾಲಿನಲ್ಲಿರುವುದನ್ನು ಮಂಜಿಗೆ ತಲುಪಿಸುತ್ತದೆ. ಈ ಭೇದ ಎಷ್ಟು ಗಟ್ಟಿ ಎಂಬುದು ಚರ್ಚಾಸ್ಪದ. 1998ಕ್ಕೆ ಮುಂಚಿನ ಮತ್ತು ನಂತರದ ದಾಖಲೆಗಳನ್ನು ನೇರವಾಗಿ ಹೋಲಿಸುವುದಂತೂ ಈಗ ಕಷ್ಟ.

ಇಂದು 400 ಮೀಟರ್ ಪಥದ ಸ್ಪರ್ಧೆಗಳಲ್ಲಿ ಕ್ಲ್ಯಾಪ್ ಸ್ಕೇಟ್ ಸಾರ್ವತ್ರಿಕವಾಗಿದೆ. ಸ್ಪರ್ಧಿಗಳು ಗುಂಪಾಗಿ, ಕಡಿದಾದ ತಿರುವುಗಳಲ್ಲಿ ಒತ್ತೊತ್ತಾಗಿ ಸಾಗುವ 111.12 ಮೀಟರ್ ಪಥದ ಶಾರ್ಟ್ ಟ್ರ್ಯಾಕ್ ಸ್ಪರ್ಧೆಗಳಲ್ಲಿ ಇದಕ್ಕೆ ಅನುಮತಿಯಿಲ್ಲ; ಅಲ್ಲಿ ಅಲಗನ್ನು ಈಗಲೂ ಬೂಟಿಗೆ ಬಿಗಿದೇ ಬಳಸಲಾಗುತ್ತದೆ.